ಮುಂಗಡ ಕಟ್ಟಿದ ಐದು ಕಂತು

ಜಿಪುಣತನ ಎಂಬುದು ವಯಸ್ಸಾದ ಮೇಲೆ ತಾನಾಗಿ ಬರುವ ರೋಗ ಎಂದು ಜನ ತಿಳಿದುಕೊಂಡಿದ್ದಾರೆ. ಎಲ್ಲರ ವಿಷಯದಲ್ಲೂ ಅದು ನಿಜವಲ್ಲ. ನಾನು ಅರವತ್ತೆಂಟನೆಯ ವಯಸ್ಸಿನಲ್ಲಿ, ತಲೆ ನೆಟ್ಟಗಿರುವಾಗಲೇ, ಒಂದು ಕಾರಣಕ್ಕಾಗಿ ಬೇಕೆಂದೇ ಜಿಪುಣಳಾದೆ. ಕಾರಣವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು, ಇಲ್ಲವೇ ಅಯ್ಯೋ ಪಾಪ ಅನ್ನುತ್ತಿದ್ದರು. ಎರಡನ್ನೂ ಕೇಳಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ನಾನು ಕಲಿತದ್ದು ಎರಡನೆಯ ಇಯತ್ತೆ. ಮೂರನೆಯದಕ್ಕೆ ಹೋಗಬೇಕಾದ ವರ್ಷ ನಮ್ಮ ಮನೆಯ ಎಮ್ಮೆ ಈಯಿತು. ಎಮ್ಮೆಗೂ ಶಾಲೆಗೂ ಇದ್ದವಳು ನಾನೊಬ್ಬಳೇ ಹುಡುಗಿ, ನಮ್ಮಪ್ಪ ಎಮ್ಮೆಯನ್ನು ಆರಿಸಿದ. ಆದ್ದರಿಂದ ಈ ಬರಹದಲ್ಲಿ ಕಾಗುಣಿತ ತಪ್ಪಿದ್ದರೆ ನನ್ನನ್ನು ಬೈಯಬೇಡಿ, ಎಮ್ಮೆಯನ್ನು ಬೈಯಿರಿ.

ನನ್ನ ಮಗ ಶಂಕ್ರಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ರೇಣುಕಾ ಖಾಸಗಿ ಶಾಲೆಯಲ್ಲಿ ಟೀಚರು. ಏಳು ವರ್ಷದ ಭಾಗ್ಯ, ನಾಲ್ಕು ವರ್ಷದ ಕಾರ್ತಿಕ ಎಂದು ಎರಡು ಮಕ್ಕಳು. ಬಸವನ ಬಾಗೇವಾಡಿಯ ಹೊರಗಿನ ಹೊಸ ಬಡಾವಣೆಯಲ್ಲಿ ಇವರು ಸಾಲ ಮಾಡಿ ಮನೆ ಕಟ್ಟಿಸಿದರು. ಎರಡು ಕೋಣೆ, ಅಡುಗೆಮನೆ, ಮೇಲೆ ಸ್ಲ್ಯಾಬು. ತಿಂಗಳಿಗೆ ಹದಿನಾಲ್ಕು ಸಾವಿರ ಕಂತು, ಇಪ್ಪತ್ತು ವರ್ಷ. ಇಪ್ಪತ್ತು ಎಂದಾಗ ನಾನು ಬೆರಳು ಮಡಚಿ ಎಣಿಸಿದೆ. ಎಂಬತ್ತೆಂಟು ಬಂತು. ಅಷ್ಟು ದಿನ ಇರುವ ಇರಾದೆ ನನಗಿಲ್ಲ, ಇದ್ದರೆ ಇವರಿಗೆ ಪೂರೈಸುವುದೂ ಇಲ್ಲ. ಒಂದು ದಿನ ಶಂಕ್ರಪ್ಪ ಡಿಪೋದಿಂದ ಹೊಸ ಸುದ್ದಿ ತಂದ. "ಯವ್ವಾ, ತಿಂಗಳಾ ಐದು ಸಾವಿರ ಹೆಚ್ಚಿಗಿ ಕಟ್ಟಿಕೋಂತ ಹೋದ್ರ ಇಪ್ಪತ್ತು ವರ್ಷದ ಸಾಲ ಹನ್ನೊಂದು ವರ್ಷಕ್ಕ ಮುಗೀತೈತಂತ" ಅಂದ. ಮತ್ತೆ ಬೆರಳು ಮಡಚಿದೆ. ಎಪ್ಪತ್ತೊಂಬತ್ತು. ನಮ್ಮವ್ವ ಹೋದದ್ದು ಎಂಬತ್ತಕ್ಕೆ. ಅಂದರೆ ನನಗೆ ಕೈಯಲ್ಲಿ ಒಂದು ವರ್ಷ ಉಳಿಯುತ್ತದೆ.

ಆ ಒಂದು ವರ್ಷ ನನಗೆ ಯಾಕೆ ಬೇಕಿತ್ತು ಎಂಬುದೇ ನಾನು ಯಾರಿಗೂ ಹೇಳದ ಕಾರಣ. ಆ ಹೆಚ್ಚಿನ ಐದು ಸಾವಿರ ಹೊಂದಿಸಲು ರೇಣುಕಾ ಸಂಜೆ ಟ್ಯೂಷನ್ ಕ್ಲಾಸಿನಲ್ಲಿ ಕಲಿಸಲು ಹೋಗತೊಡಗಿದಳು. ಅಲ್ಲಿಂದ ನಾಲ್ಕು ಸಾವಿರ, ನಾನು ಖಡಕ್ ರೊಟ್ಟಿ ಮಾಡಿ ಖಾನಾವಳಿಗೆ ಕೊಟ್ಟದ್ದರಿಂದಲೂ ಮನೆಯ ಖರ್ಚಿನಲ್ಲಿ ಉಳಿಸಿದ್ದರಿಂದಲೂ ಒಂದು ಸಾವಿರ. ಶಾಲೆ ಬಿಟ್ಟ ಮೇಲೆ, ಅವರ ಪಾಠವೂ ಅಲ್ಲೇ ಆಗಲಿ ಎಂದು, ಮಕ್ಕಳನ್ನು ಕರೆದುಕೊಂಡು ನೆಟ್ಟಗೆ ಅಲ್ಲಿಗೇ ಹೋಗುತ್ತಾಳೆ. ಮುಂಜಾನೆ ಎಂಟಕ್ಕೆ ಖಾಲಿಯಾದ ಮನೆ ಮತ್ತೆ ತುಂಬುವುದು ಸಂಜೆ ಎಂಟಕ್ಕೆ. ಬಂದವರು ಉಂಡು ಮಲಗುತ್ತಾರೆ. ನಮ್ಮ ಊರಿನಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ವಾರಕ್ಕೊಂದು ದಿನ ಬಿಡುವುಂಟು, ನನ್ನ ಸೊಸೆಗೆ ರವಿವಾರವೂ ಟ್ಯೂಷನ್. "ಇದನ್ನ ಯಾವಾಗ ಬಿಡತಿ?" ಎಂದು ಒಮ್ಮೆ ಕೇಳಿದೆ. "ಸಾಲ ಮುಗಿಯೂಮಟಾ ಬಿಡಂಗಿಲ್ರಿ ಅತ್ತಿ" ಅಂದಳು. ಸರಿ, ಹಾಗಾದರೆ ಸಾಲವನ್ನೇ ಲಗುಬಗೆಯಿಂದ ಮುಗಿಸೋಣ ಎಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಹನ್ನೆರಡು ತಾಸು ಒಬ್ಬಳೇ ಕೂತರೆ ಬಾಯಿಗೆ ತುಕ್ಕು ಹಿಡಿಯುತ್ತದೆ. ಗೋಡೆಯನ್ನು ಮಾತಾಡಿಸಿದರೆ ಹುಚ್ಚಿ ಅನ್ನುತ್ತಾರೆಂದು ನಾನು ರೊಟ್ಟಿಯನ್ನು ಮಾತಾಡಿಸುತ್ತಿದ್ದೆ. ಅದೂ ಬೆಂದ ಮೇಲೆ ಖಾನಾವಳಿಗೆ ಹೋಗಿಬಿಡುತ್ತಿತ್ತು.

ಮನೆಯ ಖರ್ಚಿನ ಕಾರಭಾರವನ್ನು ನಾನೇ ತೆಗೆದುಕೊಂಡೆ. ಮೊದಲು ಕೈ ಇಟ್ಟದ್ದು ಹಾಲಿಗೆ. ಮಸೂತಿ ಎಂಬ ಹಳ್ಳಿಯಿಂದ ಒಬ್ಬಳು ಹಾಲು ತರುತ್ತಿದ್ದಳು. ಹಾಲು ಅಳೆದ ಮೇಲೆ ಕಟ್ಟೆಯ ಮೇಲೆ ಕೂತು ತನ್ನ ನಾದಿನಿಯನ್ನು ಅರ್ಧ ತಾಸು ಬೈದು ಹೋಗುತ್ತಿದ್ದಳು. ಪಾಕೀಟಿನ ಹಾಲು ಅಗ್ಗ ಎಂದು ಅವಳನ್ನು ಬಿಡಿಸಿದೆ. ಪಾಕೀಟಿಗೆ ನಾದಿನಿ ಇರುವುದಿಲ್ಲ ಎಂಬುದು ಎರಡು ದಿನ ಬಿಟ್ಟು ಗೊತ್ತಾಯಿತು. ಆಮೇಲೆ ಟೀವಿ. ಆಮೇಲೆ ಎದುರುಮನೆಯ ಕಾಶವ್ವ. ಅವಳು ದಿನಾ ಮೂರು ಗಂಟೆಗೆ ಚಹಾಕ್ಕೆ ಬರುತ್ತಿದ್ದಳು. ನಾನು ಸಕ್ಕರೆ ಕಡಿಮೆ ಮಾಡಿದೆ, ಅವಳು ಏನೂ ಅನ್ನಲಿಲ್ಲ. ಹಾಲು ಕಡಿಮೆ ಮಾಡಿದೆ. "ಯಾಕ ಗಂಗವ್ವಾ, ನಿಮ್ಮ ಮನಿ ಚಹಾಕ್ಕ ಕಾಮಣಿ ಬಂದು ಹಳದಿ ಆಗೈತೇನು?" ಎಂದು ಕೇಳಿದಳು. "ಸಾಲ ಐತಿ ನಮಗ" ಎಂದೆ. "ಸಾಲ ಯಾರಿಗಿಲ್ಲ? ಚಹಾ ಮಾತ್ರ ಹಿಂಗ ಯಾರೂ ಮಾಡಂಗಿಲ್ಲ" ಎಂದು ಬಟ್ಟಲು ಕೆಳಗಿಟ್ಟು ಹೋದವಳು ಮತ್ತೆ ಬರಲಿಲ್ಲ. ತಿಂಗಳಿಗೆ ಒಂದು ಕಿಲೋ ಸಕ್ಕರೆ ಉಳಿಯಿತು. ಸೊಸೆ ಮನೆಯಲ್ಲಿ ಉಳಿಯಲಿ, ಮಾತಿಗೆ ಜನವಾಗಲಿ ಎಂದು ಹೊರಟವಳು ಇದ್ದಬದ್ದ ಜನರನ್ನೆಲ್ಲ ಒಬ್ಬೊಬ್ಬರನ್ನಾಗಿ ಬಾಗಿಲಾಚೆ ಹಾಕಿದೆ. ಲೆಕ್ಕದ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು.

ಈಗ ನಾನು ಮಾಡಿದ ದೊಡ್ಡ ಕೆಲಸದ ವಿಷಯ. ಹದಿನಾಲ್ಕು ಸಾವಿರದ ಕಂತು ಮಗನ ಪಗಾರದಿಂದ ತಾನೇ ಹೋಗುತ್ತದೆ. ಹೆಚ್ಚಿನ ಐದು ಸಾವಿರವನ್ನು ಮಾತ್ರ ಪ್ರತಿ ತಿಂಗಳು ಮನೆ ಸಾಲದ ಕಚೇರಿಗೆ ಹೋಗಿ ಕಟ್ಟಬೇಕು. ಕಚೇರಿ ತೆರೆದಿರುವ ಹೊತ್ತಿನಲ್ಲಿ ಬಿಡುವಿದ್ದವಳು ನಾನೊಬ್ಬಳೇ, ಆದ್ದರಿಂದ ಆ ಕೆಲಸ ನನಗೇ ಬಂತು. ಇಪ್ಪತ್ತೆರಡು ಮೆಟ್ಟಿಲು ಹತ್ತಿ ಹೋಗಬೇಕು. ಮೊದಲ ದಿನವೇ ಅಲ್ಲಿನ ಕ್ಲಾರ್ಕ್ ಹುಡುಗಿ ಸರಿಯಾಗಿಯೇ ಕೇಳಿದಳು. "ಅಮ್ಮಾರ, ಈ ಹೆಚ್ಚಿನ ರೊಕ್ಕ ಅಸಲಿಗೆ ಹಾಕ್ಲ್ಯೋ, ಮುಂದಿನ ಕಂತಿಗೆ ಜಮಾ ಇಡ್ಲ್ಯೋ?"

ಇದನ್ನು ಕೇಳಿದಾಗ ನನಗೆ ಇಂಗಳೇಶ್ವರದ ಕಿರಾಣಿ ಅಂಗಡಿ ನೆನಪಾಯಿತು. ಆ ಊರಿನಲ್ಲಿ ನಾನು ನಲವತ್ತು ವರ್ಷ ಸಂಸಾರ ಮಾಡಿದವಳು. ಸುಗ್ಗಿ ಮುಗಿದು ಜೋಳ ಮಾರಿದ ದಿನ ನಮ್ಮ ಮನೆಯವರು ಅಂಗಡಿಗೆ ಹೋಗಿ ಹಿಂದಿನದನ್ನು ತೀರಿಸಿ, ಮೇಲೊಂದಿಷ್ಟು ಹಣ ಇಟ್ಟು, "ಇದು ಮುಂದಿಂದಕ್ಕ ಇರ್ಲಿ" ಅನ್ನುತ್ತಿದ್ದರು. ಹಾಗೆ ಅಂದವರಿಗೆ ಅಂಗಡಿಯಲ್ಲಿ ಕೂರಲು ಮಣೆ, ಮಕ್ಕಳ ಕೈಗೆ ಬೆಲ್ಲದ ಚೂರು. ಹಿಂದೆ ಬಿದ್ದವರ ಹೆಸರು ಅಂಗಡಿಯವನ ವಹಿಯಲ್ಲಿರುತ್ತಿತ್ತು, ಮುಂದಿದ್ದವರ ಹೆಸರು ಅವನ ಬಾಯಲ್ಲಿರುತ್ತಿತ್ತು. ಅಸಲಿಗೆ ಹಾಕು ಎಂದು ಕೇಳಿಕೊಳ್ಳುವುದು ಸಾಲಗಾರರ ಮಾತು, ಮುಂದಿನದಕ್ಕೆ ಇರಲಿ ಎನ್ನುವುದು ಮಾನಸ್ಥರ ಮಾತು ಎಂದು ನನ್ನ ತಿಳಿವಳಿಕೆ. "ಮುಂದಿಂದಕ್ಕ ಇರ್ಲಿ ತಗೋ. ನಮ್ಮ ಮನ್ಯಾಗ ಯಾರೂ ಹಿಂದ ಬಿದ್ದವರಲ್ಲ" ಎಂದು ಎದೆ ಸೆಟೆಸಿ ಹೇಳಿದೆ. ಹುಡುಗಿ ಒಂದು ಕಾಗದ ಕೊಟ್ಟಳು, ನಾನು ಸಹಿ ಮಾಡಿದೆ. ನನ್ನ ಸಹಿ ಚೆನ್ನಾಗಿದೆ, ಎಮ್ಮೆ ಈಯುವ ಮೊದಲೇ ಕಲಿತದ್ದು. ಹೀಗೆ ಹದಿನಾಲ್ಕು ತಿಂಗಳು ಹದಿನಾಲ್ಕು ಚಂದದ ಸಹಿ ಮಾಡಿದೆ. ಅಲ್ಲಿ ಮಣೆಯೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ. ಆದರೆ ಆ ಹುಡುಗಿ "ಬರ್ರಿ ಅಮ್ಮಾರ, ಊಟ ಆತ್ರ್ಯಾ?" ಅನ್ನುತ್ತಿದ್ದಳು. ತಿಂಗಳಿಗೊಮ್ಮೆಯಾದರೂ ಯಾರೋ ಊಟವಾಯಿತೇ ಎಂದು ಕೇಳುತ್ತಿದ್ದರು.

ಹದಿನೈದನೆಯ ತಿಂಗಳು ಶಂಕ್ರಪ್ಪ ಕಚೇರಿಯಿಂದ ಬಂದ ಸಾಲದ ಪಟ್ಟಿಯನ್ನು ಹಿಡಿದು ಕೂತ. ಓದಿದ, ಮತ್ತೆ ಓದಿದ. "ಅಸಲು ಅಂದುಕೊಂಡಷ್ಟು ಕಡಿಮಿನ ಆಗಿಲ್ಲಲಾ. ನಾವು ಕಟ್ಟಿದ ಎಪ್ಪತ್ತು ಸಾವಿರ ಎಲ್ಲಿ ಹೋತು?" ಎಂದ. ರೇಣುಕಾ ಒಲೆಯ ಮುಂದಿನಿಂದ ಎದ್ದು ಬಂದಳು. "ನಾಳೆ ನಾನ ಹೋಗಿ ಕೇಳತೇನಿ. ಅವ್ರಪ್ಪನ ರೊಕ್ಕಲ್ಲ ಅದು" ಎಂದೆ.

ಮರುದಿನ ಹೋದೆ. ಕ್ಲಾರ್ಕ್ ಹುಡುಗಿ ನನ್ನ ಹದಿನಾಲ್ಕು ಕಾಗದಗಳನ್ನು ಮೇಜಿನ ಮೇಲೆ ಹರಡಿದಳು. ಎಲ್ಲದರ ಮೇಲೂ ನನ್ನದೇ ಸಹಿ. "ನೀವ ಹೇಳಿದ್ರಲ್ರಿ ಅಮ್ಮಾರ, ಮುಂದಿನ ಕಂತಿಗೆ ಅಂತ. ಹಂಗ ಜಮಾ ಇಟ್ಟೇವಿ. ಬಡ್ಡಿ ಕಡಿಮಿ ಆಗಬೇಕಂದ್ರ ಅಸಲಿಗೆ ಹಾಕಬೇಕಿತ್ರಿ." ನಾನು ಹದಿನಾಲ್ಕು ಸಹಿಗಳನ್ನೂ ಬೆರಳಿಟ್ಟು ಎಣಿಸಿದೆ. ಪಾಪ, ಅವಳೇ ಸಮಾಧಾನ ಹೇಳಿದಳು. "ಏನೂ ಮುಳುಗಿಲ್ಲ. ನಿಮ್ಮದು ಐದು ಕಂತಿನ ರೊಕ್ಕ ಮುಂಗಡ ಐತಿ. ಈ ಅರ್ಜಿ ಕೊಟ್ರ ಅದನ್ನ ಇವತ್ತ ಅಸಲಿಗೆ ಹಾಕತೇನಿ. ಇಲ್ಲಂದ್ರ ಇನ್ನೈದು ತಿಂಗಳು ನೀವು ಕಂತ ಕಟ್ಟೂದು ಬ್ಯಾಡ್ರಿ."

ಅರ್ಜಿ ಮೇಜಿನ ಮೇಲಿತ್ತು, ಪೆನ್ನು ಕೈಯಲ್ಲಿತ್ತು. "ಐದು ತಿಂಗಳು ಏನೂ ಕಟ್ಟೂದು ಬ್ಯಾಡ?" ಎಂದು ಮತ್ತೆ ಕೇಳಿದೆ. "ಬ್ಯಾಡ್ರಿ." "ಸಂಜಿಕಿ ದುಡಿಯಾಕ ಹೋಗೂದೂ ಬ್ಯಾಡ?" ಹುಡುಗಿಗೆ ಅರ್ಥವಾಗಲಿಲ್ಲ. "ಅದು ನಿಮ್ಮ ಮನಿ ವಿಚಾರ್ರಿ ಅಮ್ಮಾರ" ಅಂದಳು. ನಾನು ಅರ್ಜಿಯನ್ನು ಮಡಚಿ ಸಂಚಿಯಲ್ಲಿ ಇಟ್ಟುಕೊಂಡು ಇಪ್ಪತ್ತೆರಡು ಮೆಟ್ಟಿಲು ಇಳಿದೆ. ಎಪ್ಪತ್ತೊಂಬತ್ತಕ್ಕೆ ಸಿಗಬಹುದಾದ ಒಂದು ವರ್ಷಕ್ಕಿಂತ ಈಗ ಸಿಗುವ ಐದು ತಿಂಗಳು ಗಟ್ಟಿ ಎಂದು ದಾರಿಯುದ್ದಕ್ಕೂ ಅನಿಸಿತು. ನಮ್ಮವ್ವ ಎಂಬತ್ತಕ್ಕೆ ಹೋದಳೆಂದರೆ ನಾನೂ ಅಲ್ಲಿಯತನಕ ಹೋಗಲೇಬೇಕೆಂದು ಯಾವ ಕಾಗದದಲ್ಲಿ ಬರೆದಿದೆ?

ಸಂಜೆ ಎಲ್ಲರೂ ಬಂದ ಮೇಲೆ ತಪ್ಪು ನನ್ನದೇ ಎಂದು ಹೇಳಿದೆ. ಶಂಕ್ರಪ್ಪ ತಲೆ ಕೆರೆದುಕೊಂಡ. ರೇಣುಕಾ ಅರ್ಜಿಯನ್ನು ತೆಗೆದುಕೊಂಡು ಓದಿದಳು. "ಹೋಗ್ಲಿ ಬಿಡ್ರಿ ಅತ್ತಿ, ನಾಳೆ ಇದನ್ನ ಕೊಟ್ಟು ಅಸಲಿಗೆ ಹಾಕಸೂಣು" ಅಂದಳು.

"ಬ್ಯಾಡ" ಎಂದೆ. "ಐದು ತಿಂಗಳು ಕಂತಿಲ್ಲ. ನೀ ಟ್ಯೂಷನ್ ಬಿಟ್ಟು ಮನ್ಯಾಗಿರು."

"ಅಯ್ಯ, ಬಡ್ಡಿ ಸುಮ್ಮನ ಹೊಕ್ಕೈತಿ ಅಂತ ಚಹಾದ ಸಕ್ರಿ ಮಟಾ ಎಣಿಸಿದವ್ರು ನೀವಲ್ರಿ? ಮಕ್ಕಳ ಬಿಸ್ಕಿಟ್ ಬಂದ್ ಮಾಡಿದ್ರಿ. ಈಗೇನಾತು?"

ನಿಜ ಹೇಳಬೇಕಾದಾಗ ನಾನು ಕಾಲನ್ನು ಮುಂದೆ ಮಾಡುತ್ತೇನೆ. "ನನ್ನ ಮೊಣಕಾಲು ಹಿಡದಾವ. ಆ ಮೆಟ್ಟಲ ಮತ್ತ ಹತ್ತಂಗಿಲ್ಲ" ಎಂದೆ. ಶಂಕ್ರಪ್ಪ, "ಅದಕ್ಕೇನು, ನಾ ಒಂದಿನ ರಜಾ ಹಾಕಿ ಹೋಗತೇನಿ" ಅಂದ. ಗಂಡಸರಿಗೆ ಉಪಕಾರ ಮಾಡುವ ಹೊತ್ತು ತಿಳಿಯುವುದಿಲ್ಲ. ರೇಣುಕಾ ಮಾತ್ರ ನನ್ನ ಮೊಣಕಾಲನ್ನು ನೋಡದೆ ಮುಖವನ್ನು ನೋಡುತ್ತಿದ್ದಳು. ಇಡೀ ದಿನ ಮಕ್ಕಳ ಮುಖ ನೋಡಿ ಯಾರು ಸುಳ್ಳು ಹೇಳುತ್ತಿದ್ದಾರೆಂದು ಕಂಡುಹಿಡಿಯುವುದೇ ಅವಳ ಕಸುಬು.

"ಹಗಲೆಲ್ಲಾ ಒಬ್ಬರಿಗೇ ಬ್ಯಾಸರ ಬರ್ತೈತೇನ್ರಿ?" ಎಂದು ಕೇಳಿದಳು.

"ನನಗ್ಯಾಕ ಬ್ಯಾಸರ? ಹುಡುಗರು ಸೊರಗ್ಯಾವ, ಅದಕ್ಕಂದೆ."

ಅವಳು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿದಳು. "ಎರಡು ತಿಂಗಳು ಬಿಡತೇನ್ರಿ. ಉಳಿದ ಮೂರು ಕಂತು ಅಸಲಿಗೆ ಹಾಕೂಣು."

"ನಾಕು."

"ಎರಡ ರೀ ಅತ್ತಿ. ಮೂರನೇದಕ್ಕ ಪರೀಕ್ಷಾ ಬರ್ತಾವ, ಆಗ ಬಿಟ್ರ ಅವ್ರು ಬ್ಯಾರೇವ್ರನ್ನ ತಗೋತಾರ."

ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ನಾನು ಇಷ್ಟು ಬೇಗ ಸೋತವಳಲ್ಲ. ಎರಡಕ್ಕೆ ಒಪ್ಪಿದೆ.

ಮುಂದಿನ ತಿಂಗಳ ಒಂದನೆಯ ತಾರೀಖು ನಾಲ್ಕೂವರೆಗೆ ರೇಣುಕಾ ಮಕ್ಕಳೊಂದಿಗೆ ಮನೆಗೆ ಬಂದಳು. ಇನ್ನೂ ಬಿಸಿಲಿತ್ತು. ಬಿಸಿಲಿರುವಾಗ ಈ ಮನೆಯಲ್ಲಿ ಅವಳ ಮುಖವನ್ನು ನಾನು ಸರಿಯಾಗಿ ನೋಡಿ ವರ್ಷದ ಮೇಲಾಗಿತ್ತು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ನಾನು ಬೇಕಾದಷ್ಟು ಹಾಲು ಹಾಕಿ ಚಹಾ ಮಾಡಿಟ್ಟಿದ್ದೆ. ಹದಿನಾಲ್ಕು ತಿಂಗಳಿಂದ ಆಡದೆ ಉಳಿದ ಮಾತುಗಳನ್ನು ಮುಂಜಾನೆಯಿಂದ ಒಂದರ ಹಿಂದೊಂದು ಜೋಡಿಸಿಟ್ಟುಕೊಂಡಿದ್ದೆ, ಯಾವುದು ಮೊದಲು, ಯಾವುದು ಆಮೇಲೆ ಎಂದು. ಅವಳು ಚಹಾ ಕುಡಿದು, "ಒಂದ ಐದು ಮಿನಿಟ್ರಿ ಅತ್ತಿ" ಎಂದು ಚಾಪೆಯ ಮೇಲೆ ಅಡ್ಡಾದಳು. ಮರುಗಳಿಗೆಯೇ ಗೊರಕೆ. ನಾನು ಅವಳ ಪಕ್ಕದಲ್ಲಿ ಕೂತು, ಎದ್ದರೆ ಮೊದಲನೆಯ ಮಾತಿನಿಂದಲೇ ಶುರು ಮಾಡಬೇಕೆಂದು ಗಂಟಲು ಸರಿಮಾಡಿಕೊಂಡೆ. ಪಾಟಿಯ ಮೇಲೆ ಬರೆಯುತ್ತಿದ್ದ ಭಾಗ್ಯ ತುಟಿಯ ಮೇಲೆ ಬೆರಳಿಟ್ಟಳು. "ಆಯಿ, ಸಪ್ಪಳ ಮಾಡಬ್ಯಾಡ. ಅವ್ವ ಮಲಗ್ಯಾಳ."

ಇಷ್ಟು ದಿನ ಒಬ್ಬಳೇ ಇದ್ದಾಗ ಗಟ್ಟಿಯಾಗಿ ಕೆಮ್ಮುವ ಸ್ವಾತಂತ್ರ್ಯವಾದರೂ ನನಗಿತ್ತು. ಬಡ್ಡಿ ತೆತ್ತು ಅದನ್ನೂ ಕಳೆದುಕೊಂಡೆ. ಏಳು ಗಂಟೆಯ ತನಕ ಅವಳು ಏಳಲಿಲ್ಲ. ಬಾಯಿ ಮುಚ್ಚಿಕೊಂಡು ಕೂರು ಎಂದು ನನಗೆ ಹೇಳುವ ಧೈರ್ಯ ನನ್ನ ಗಂಡನಿಗೂ ಇರಲಿಲ್ಲ. ಏಳು ವರ್ಷದ ಹುಡುಗಿ ಹೇಳಿದಳೆಂದು, ಜಾಗ ಬಿಟ್ಟು ಕದಲದೆ, ಕೂತೇ ಇದ್ದೆ.