ಗೆಲಾಕ್ಸಿ ಹತ್ತಿರ, ಗುರುಗುಂಟಾ ದೂರ

ಮಸ್ಕಿಯಿಂದ ಸಿಂಧನೂರು ಎಷ್ಟು ದೂರವೆಂದು ನಮ್ಮ ಸೋದರಮಾವನನ್ನು ಕೇಳಿ ನೋಡಿ. “ನನಗೇನು ಮಾಲೂಮು, ಕಂಡಕ್ಟರನ್ನ ಕೇಳ್ರಿ” ಎನ್ನುತ್ತಾನೆ. ಕನ್ಯಾ ರಾಶಿಯ ಗೆಲಾಕ್ಸಿಗಳು ಎಷ್ಟು ದೂರವೆಂದು ಕೇಳಿದಿರೋ, ಮುಗಿಯಿತು ನಿಮ್ಮ ಕಥೆ! ಕುರ್ಚಿ ಬರುತ್ತದೆ, ಚಹಾ ಬರುತ್ತದೆ, ನೀವು ಹಿಡಿಯಬೇಕಾದ ಬಸ್ಸು ಮಾತ್ರ ಹೋಗಿಬಿಟ್ಟಿರುತ್ತದೆ.

ವಿಜ್ಞಾನದ ಮಾಸ್ತರನಾಗಿ ನಿವೃತ್ತನಾದವನು. ಊಟ ಮುಗಿಸಿ ಮಾಳಿಗೆಯ ಮೇಲೆ ಕೌದಿ ಹಾಸಿದನೆಂದರೆ ನಮ್ಮನ್ನೂ ಆಕಾಶಕ್ಕೆ ಎಳೆದುಕೊಂಡು ಹೋಗುತ್ತಾನೆ.

“ಪ್ರತಿ ಗೆಲಾಕ್ಸಿ ಸುತ್ತ ನಕ್ಷತ್ರದ ಗುಂಪು ಇರ್ತಾವ. ಒಂದೊಂದ್ರಾಗ ಲಕ್ಷಗಟ್ಟಲೆ ಚಿಕ್ಕಿ! ಯಾವ ಗೆಲಾಕ್ಸಿ ನೋಡಿದ್ರೂ ಆ ಗುಂಪುಗಳ ಸರಾಸರಿ ಬೆಳಕು ಹೆಚ್ಚುಕಮ್ಮಿ ಒಂದ. ಮಂಕು ಕಂಡಷ್ಟೂ ದೂರ. ಇಷ್ಟ ಲೆಕ್ಕ!”

ತಂಪು ಗಾಳಿ, ಅರೆನಿದ್ದೆ, ಕೋಟಿ ಕೋಟಿ ವರ್ಷ ನಡೆದು ಬಂದ ಬೆಳಕು. ಕೇಳುತ್ತ ಕೇಳುತ್ತ ಮಲಗಿದ ಕೌದಿಯೇ ಮೆಲ್ಲಗೆ ತೇಲಿದಂತಾಗುತ್ತದೆ.

ಇದೇ ಲೆಕ್ಕವನ್ನು ಒಮ್ಮೆ ಊರುಗಳಿಗೂ ಹಚ್ಚಿದ ಮಹಾನುಭಾವ! ಮುಸ್ಸಂಜೆ ಮಸ್ಕಿ ಬೆಟ್ಟ ಹತ್ತಿ ಸುತ್ತಲಿನ ಊರುಗಳ ದೀಪ ನೋಡಿದ. ಅಂದು ಪಕ್ಕದ ಸಂತೆಕಲ್ಲೂರಿನಲ್ಲಿ ಕರೆಂಟು ಕೈಕೊಟ್ಟಿತ್ತು. ಮಾಮಾನ ಲೆಕ್ಕದಲ್ಲಿ ಅದು ಲಿಂಗಸುಗೂರನ್ನೂ ದಾಟಿ ಹೋಗಿತ್ತು! ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಲೆಕ್ಕ ಬರೋಬರಿ ಐತಿ ಬೇ. ಊರ ಕತ್ತಲ್ಯಾಗ ಕುಂತ್ರ ನಾ ಏನು ಮಾಡ್ಲಿ?”

ಇಂಥವನ ಒಬ್ಬಳೇ ಮಗಳಿಗೆ ಲಿಂಗಸುಗೂರಿನಾಚೆಯ ಗುರುಗುಂಟಾದ ಹುಡುಗ ಮನಸ್ಸಿಗೆ ಬಂದ. ಹುಡುಗ ಚಲೋ, ಮನೆತನ ಚಲೋ, ಊರು ಮಾತ್ರ ಬಹಳ ದೂರವಂತೆ! ಮಾಮಾ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮಗಳು ಊಟ ಬಿಟ್ಟಳು.

“ಅಪ್ಪಾ, ಐದು ಕೋಟಿ ಜ್ಯೋತಿರ್ವರ್ಷದ ಗೆಲಾಕ್ಸಿ ನಮ್ಮ ನೆರೆಮನಿ ಅಂತಿ. ಗುರುಗುಂಟಾ ದೂರ ಹೆಂಗ ಆತು?”

“ಗೆಲಾಕ್ಸಿಗೆ ನಾ ಮಗಳನ್ನ ಕೊಡಾಕತ್ತಿಲ್ಲಲ್ಲ!”

ಎರಡು ಹೊತ್ತು ಗಂಟು ಮುಖ ಹಾಕಿಕೊಂಡು ತಿರುಗಿದ. ಮಗಳ ಅಳು ನೋಡಲಾರದೆ ಕೊನೆಗೆ ಹೂಂ ಅಂದ.

ಮದುವೆಯಾಯಿತು. ಮಗಳನ್ನು ಕೂರಿಸಿಕೊಂಡ ಕಾರು ಸಂಜೆಗತ್ತಲಲ್ಲಿ ಲಿಂಗಸುಗೂರು ರಸ್ತೆ ಹಿಡಿಯಿತು. ಬಂದವರೆಲ್ಲ ಒಳಗೆ ಹೋದರೂ ಮಾಮಾ ರಸ್ತೆಯಲ್ಲೇ ನಿಂತಿದ್ದ. ದೂರದಲ್ಲಿ ಕಾರಿನ ಹಿಂದಿನ ಕೆಂಪು ದೀಪ ಸಣ್ಣದಾಗುತ್ತಿತ್ತು. “ನಡಿ ಮಾಮಾ” ಎಂದು ತೋಳು ಹಿಡಿದೆ. ಅವನು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಆ ಕಡೆಗೇ ನೋಡಿದ.

“ಕಣ್ಣಾಗ ನೀರು ಬಂದ್ರ ದೀಪ ಮಂಕು ಕಾಣ್ತೈತಿ, ಲೆಕ್ಕ ತಪ್ಪತೈತಿ. ನಿನ್ನ ಕಣ್ಣು ಚಲೋ ಅದಾವ, ನೀ ನೋಡಿ ಹೇಳು. ಅಷ್ಟು ದೂರ ಹೋಗಿಲ್ಲಲ್ಲ ಆಕಿ?”

“ಇಲ್ಲ ಮಾಮಾ, ಇಲ್ಲೇ ಅದಾಳ” ಎಂದೆ. ನನಗೂ ದೀಪ ಕಾಣುತ್ತಿರಲಿಲ್ಲ.