ಟವೆಲ್ಲಿನಡಿಯ ವಕಾಲತ್ತು

ನನ್ನ ಸೋದರಮಾವ ಮನುಷ್ಯರನ್ನೂ ಹಲ್ಲು ನೋಡಿಯೇ ನಂಬುವುದು. ತಮಾಷೆಯಲ್ಲ! ಅವರು ದನದ ದಲ್ಲಾಳಿ. ನನಗೆ ಹೆಣ್ಣು ನೋಡಲು ಹೋದಾಗಲೂ "ಒಸಿ ನಗವ್ವ" ಅಂದಿದ್ದರು. ಮದುವೆ ಹೇಗೋ ಆಯಿತು ಬಿಡಿ.

ಇಂಥವರನ್ನು ಕಟ್ಟಿಕೊಂಡು ನಾನು ಕ್ರಿಮಿನಲ್ ಲಾಯರನ್ನು ಹುಡುಕಬೇಕಾಯಿತು. ಕೇಸು ನನ್ನ ಮೇಲೆ. ಜಾವಗಲ್‌ನಲ್ಲಿ ಮಾವ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಿದ್ದರು. ಒಬ್ಬಾತ ಅದನ್ನು ಕಿತ್ತೆಸೆದು ಕೂತ. ಮಾತಿಗೆ ಮಾತು ಬೆಳೆದು, ಬಾಗಿಲ ಬಳಿ ನೂಕಾಟವಾಗಿ, ಆತ ಕೆಳಗೆ ಬಿದ್ದು ಕೈ ಮುರಿದುಕೊಂಡ. ತಳ್ಳಿದ್ದು ನಾನೋ, ಹಿಂದಿದ್ದ ಜನವೋ? ದೇವರಾಣೆ ನನಗೇ ಗೊತ್ತಿಲ್ಲ! ಪೊಲೀಸರಿಗೆ ಮಾತ್ರ ಗೊತ್ತಿತ್ತು.

ಅರಸೀಕೆರೆಯಲ್ಲಿ ಮೊದಲು ಕಂಡ ಲಾಯರು "ಗೆದ್ದೇ ಗೆಲ್ತೀವಿ" ಎಂದು ನಕ್ಕರು. ಮಾವ ತಕ್ಷಣ ಎದ್ದು ಬಂದರು. "ಹಲ್ಲೇನೋ ಚೆನ್ನಾಗೈತೆ. ಆದ್ರೆ ಇಷ್ಟು ಹೊಗಳಿ ಮಾರೋ ಎತ್ತು ಕುಂಟು ಕಣ್ಲಾ!"

ಎರಡನೆಯವರು ಹಗರೆ ಕಡೆಯವರು. ನಗಲೇ ಇಲ್ಲ. ಜಾಮೀನಿಗೆ ಒಂದು ಫೀಸು, ಕೇಸು ನಡೆಸೋಕೆ ಇನ್ನೊಂದು, ಟೈಪಿಂಗು, ಸ್ಟಾಂಪು, ನಕಲು ಬೇರೆ ಅಂದರು. ನನ್ನ ತಲೆ ಗಿರ್ರೆಂದಿತು. ಮಾವನದೂ ಅದೇ ಪಾಡು.

"ನಾವು ಎತ್ತು ಮಾರೋವಾಗ ಹಗ್ಗಕ್ಕೆ ಬ್ಯಾರೆ ದುಡ್ಡು ಕೇಳಲ್ಲ ಸ್ವಾಮಿ! ಹೋಗ್ಲಿ, ತಪ್ಪು ಮಾಡದಿರೋನಿಗೆ ಕಮ್ಮಿ ಇಲ್ವಾ?"

"ತಪ್ಪು ಮಾಡಿಲ್ಲ ಅಂತ ತೋರ್ಸೋದೇ ಕಷ್ಟ, ಯಜಮಾನ್ರೇ."

ಆಗ ಮಾವ ಹೆಗಲ ಟವೆಲ್ ತೆಗೆದರು. ಸಂತೆಯಲ್ಲಿ ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಪಕ್ಕದವರಿಗೆ ತಿಳಿಯದಂತೆ ಟವೆಲ್ ಮುಚ್ಚಿ, ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ; ಹಿಡಿದಷ್ಟು ಬೆರಳು ಲೆಕ್ಕ. ಕಪ್ಪು ಕೋಟಿನವರ ಹತ್ತಿರ ಇದನ್ನು ಮಾಡುವುದೇ? ನನ್ನನ್ನು ಆಚೆ ನಿಲ್ಲಿಸಿ, ಲಾಯರ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಅವರ ಕೈಮೇಲೆ ಟವೆಲ್ ಹೊದಿಸಿಯೇಬಿಟ್ಟರು. ಹೊರಗೆ ಬರುವಾಗ ಅದರಲ್ಲೇ ಮುಖ ಒರೆಸಿಕೊಳ್ಳುತ್ತಿದ್ದರು.

"ಏನ್ ಮಾವ, ವ್ಯಾಪಾರ ಕುದುರ್ಲಿಲ್ವಾ?"

"ಸುಮ್ಕೆ ನಡಿಯಲಾ."

ಕೇಸು ಆ ಲಾಯರಿಗೇ ಕೊಟ್ಟೆವು. ಆಮೇಲೆ ಎಷ್ಟು ತಾರೀಖುಗಳಿಗೆ ಅಲೆದೆವೋ! ಕೊನೆಗೆ ನಾನು ತಪ್ಪಿತಸ್ಥನಲ್ಲವೆಂದಾಯಿತು. ಮಾವ ಬಸ್‌ಸ್ಟ್ಯಾಂಡಿಗೆ ಓಡಿದರು. ನಾನು ಲಾಯರಿಗೆ ಕೈಮುಗಿದು ಕೇಳಿದೆ: "ಅವತ್ತು ಟವೆಲ್ ಅಡೀಲಿ ಮಾವ ಫೀಸು ಎಷ್ಟು ಇಳಿಸಿದ್ರು ಸಾರ್?"

"ಫೀಸಿನ ಮಾತೇ ಎತ್ತಲಿಲ್ಲ ಕಣ್ರೀ. 'ನನ್ನ ಟವೆಲ್ಲಿಂದ ಆಗಿದ್ದು. ಜೈಲಾದ್ರೆ ಎಷ್ಟು ವರ್ಷ? ಅವ್ನಿಗೆ ತಿಳೀಬಾರ್ದು, ಬೆರಳಲ್ಲೇ ಹೇಳಿ' ಅಂದ್ರು. ಕೆಟ್ಟದ್ದೇ ಆದ್ರೆ ಎರಡು ವರ್ಷ ಅಂತ ಅವರ ಎರಡು ಬೆರಳು ಹಿಡಿದೆ. ಒಂದನ್ನ ಬಿಡಿಸ್ಕೊಂಡ್ರು. ಆಮೇಲೆ ಇನ್ನೊಂದನ್ನೂ. ಬರೀ ಮುಷ್ಟಿ ಮಾಡಿ ನನ್ನ ಅಂಗೈಲಿಟ್ಟು ಅತ್ಬಿಟ್ರು."

ಬಸ್‌ಸ್ಟ್ಯಾಂಡಿಗೆ ಬಂದರೆ ಕಿಟಕಿಯಲ್ಲಿ ಮಾವನ ತಲೆ.

"ಬಾರ್ಲಾ ಬೇಗ! ಸೀಟ್ ಹಿಡಿದಿವ್ನಿ!"

ಪಕ್ಕದ ಸೀಟಿನ ಮೇಲೆ ಅದೇ ಟವೆಲ್! ಬೈಯಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಅದನ್ನೆತ್ತಿ ಮುಖಕ್ಕೆ ಒತ್ತಿಕೊಂಡು, ಅವರ ಪಕ್ಕ ಕೂತುಬಿಟ್ಟೆ.