ಐದು ಗಂಟೆಯೊಳಗೆ ಹೋಗಬೇಕಾದ ಅರ್ಜಿ

ಮಡಿವಾಳೆಪ್ಪ ಮಾಸ್ತರರ ಮನೆಯ ಕಂಪ್ಯೂಟರು ಆ ರವಿವಾರ ಮೊದಲ ಸಲ ಕಣ್ಣು ಮುಚ್ಚಿದ್ದು ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ. ಮುನ್ಸೂಚನೆ ಏನೂ ಇಲ್ಲ. ‘ಟಕ್’ ಅಂತ ಒಂದು ಸದ್ದು, ಪರದೆ ಕಪ್ಪು. ಒಂದೊಂದೇ ಅಕ್ಷರ ಹುಡುಕಿ ತುಂಬಿದ್ದ ವರ್ಗಾವಣೆಯ ಅರ್ಜಿಯೂ ಅದರ ಜೊತೆಗೇ ಹೋಯಿತು. ವಾರದಿಂದ ಇದೇ ಕತೆ. ಅವರು ಕುಳಿತು ಇಪ್ಪತ್ತು ನಿಮಿಷ ಆಗುವುದೇ ತಡ, ಯಂತ್ರ ಆರಿಬಿಡುತ್ತಿತ್ತು. ಇಷ್ಟು ದಿನ ನಾಳೆ ನೋಡಿದರಾಯಿತು ಅನ್ನಬಹುದಿತ್ತು. ಇವತ್ತು ಹಾಗನ್ನುವಂತಿರಲಿಲ್ಲ, ಏಕೆಂದರೆ ಸಂಜೆ ಐದಕ್ಕೆ ಅರ್ಜಿಯ ಗಡುವು ಮುಗಿಯುತ್ತಿತ್ತು.

ಮಾಸ್ತರರ ಮನೆ ಅಣ್ಣಿಗೇರಿಯಲ್ಲಿ, ಶಾಲೆ ದುಮ್ಮವಾಡದಲ್ಲಿ. ನಡುವೆ ಮೂರು ಬಸ್ಸು. ಹನ್ನೊಂದು ವರ್ಷದಿಂದ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ದೀಪ ಹತ್ತಿ ಎಷ್ಟೋ ಹೊತ್ತಾದ ಮೇಲೆ ಬಂದು ಬೀಳುತ್ತಿದ್ದರು. ಸೊಂಟ ಎಂದೋ ಕೈಕೊಟ್ಟಿತ್ತು. ಮಧ್ಯಾಹ್ನದ ರೊಟ್ಟಿಯನ್ನು ಬಿಸಿಬಿಸಿ ತಿನ್ನುವುದು ರವಿವಾರದ ಭಾಗ್ಯವಾಗಿ ಉಳಿದಿತ್ತು. ಈಗ ಮನೆಯಿಂದ ನಾಲ್ಕು ಹೆಜ್ಜೆಯ ಕೋಟೆ ಓಣಿ ಶಾಲೆಯಲ್ಲಿ ಒಂದೇ ಒಂದು ಜಾಗ ಖಾಲಿ ಎಂದು ತೋರಿಸಿದ್ದರು. ಮಾಸ್ತರರ ಸೇವಾವಧಿ ನೋಡಿದರೆ ಅರ್ಜಿ ತಲುಪಿದರೆ ಸಾಕು, ಜಾಗ ಅವರದೇ.

ಬಸ್‌ಸ್ಟ್ಯಾಂಡಿನ ಆನ್‌ಲೈನ್ ಸೆಂಟರಿಗೆ ಹೋಗಿ ಹಾಕಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೆಂಡತಿ ರೇವವ್ವನೂ ಅದನ್ನೇ ಕೇಳಿದ್ದಳು. ಆದರೆ ಅಲ್ಲಿ ಕುಳಿತವನು ಅರ್ಜಿ ಓದುತ್ತಾನೆ, ಓದಿದ್ದನ್ನು ಊರಿಗೆ ಹೇಳುತ್ತಾನೆ, ಊರಿನಿಂದ ಅದು ನೆರೆಮನೆಯ ಸಂಗನಬಸವನ ಕಿವಿಗೆ ಹೋಗುತ್ತದೆ ಎಂಬುದು ಮಾಸ್ತರರ ಲೆಕ್ಕ. ಸಂಶಯ ಅವರಿಗೆ ಹುಟ್ಟಿನಿಂದ ಬಂದದ್ದು. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ ಮೊದಲು ಸೀಟನ್ನು ತಟ್ಟಿ ನೋಡಿ ಕೂಡುವವರು ಅವರು. ಮಕ್ಕಳು ಸರಿಯಾದ ಉತ್ತರ ಬರೆದರೆ ಪಕ್ಕದ ಹುಡುಗನ ಹಾಳೆ ತಿರುವಿ ನೋಡುತ್ತಿದ್ದರು.

ಕಂಪ್ಯೂಟರು ಆರಿದ ಹೊತ್ತನ್ನು ಮಾಸ್ತರರು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರು. ಎದುರಿಗೆ ‘ಸಂಶಯ’ ಎಂದು ಇನ್ನೊಂದು ಕಾಲಮು ಎಳೆದರು. ಅದರಲ್ಲಿ ಮೊದಲು ಬರೆದ ಹೆಸರು ಸಂಗನಬಸವನದು.

ಸಂಗನಬಸವ ಹಿತ್ತಲ ಗೋಡೆಯಾಚೆಗಿನ ನೆರೆಯವನು. ಅವನೂ ಮಾಸ್ತರನೇ, ಕುಂದಗೋಳದ ಶಾಲೆಗೆ ದಿನಾ ಹೋಗಿ ಬರುವವನು. ಎರಡೂ ಮನೆಗೆ ಒಂದೇ ವೈಫೈ, ಅದರ ಪೆಟ್ಟಿಗೆ ಮಾಸ್ತರರ ಗೋಡೆಯ ಮೇಲಿತ್ತು. ಈ ವೈಫೈಯಿಂದಲೇ ಅವನು ಒಳಗೆ ನುಗ್ಗಿ ತಮ್ಮ ಅರ್ಜಿ ಅಳಿಸುತ್ತಿದ್ದಾನೆ ಎಂದು ಮಾಸ್ತರರಿಗೆ ನಾಲ್ಕು ದಿನದಿಂದ ಅನಿಸುತ್ತಿತ್ತು. ಫೋನಿನಿಂದಲೂ ನುಗ್ಗಬಹುದೆಂದು ಶನಿವಾರ ಮಧ್ಯಾಹ್ನವೇ ತಮ್ಮ ಫೋನನ್ನು ಬಂದ್ ಮಾಡಿ ಟ್ರಂಕಿನೊಳಗೆ, ಮದುವೆಯ ಶಾಲಿನ ಕೆಳಗೆ ಇಟ್ಟುಬಿಟ್ಟಿದ್ದರು.

ಹೆಸರು ಬರೆದ ಮಸಿ ಆರುವ ಮೊದಲೇ ಆ ಹೆಸರಿನವನು ಬಾಗಿಲಲ್ಲಿ ನಿಂತಿದ್ದ. ಮಾಸ್ತರರು ಎದ್ದು, ಏನೂ ಕಾಣದ ಕಪ್ಪು ಪರದೆಗೇ ಅಡ್ಡವಾಗಿ ನಿಂತರು.

“ಸರ, ಕೋಟಿ ಓಣಿ ಶಾಲಿಗೆ ಅರ್ಜಿ ಹಾಕೀರೇನ್ರಿ?” ಎಂದು ಸಂಗನಬಸವ ಕೇಳಿದ.

“ಇಲ್ಲಪಾ. ನನಗ ದುಮ್ಮವಾಡನ ಚಲೋ ಐತಿ. ಬಸ್ಸಿನ್ಯಾಗ ಕುಂತ್ರ ಮನಸ್ಸು ಹಗುರ ಆಗತೈತಿ.”

“ಹಾಕೂದೂ ಇಲ್ಲೇನ್ರಿ?”

“ಹಾಕೂದೂ ಇಲ್ಲ.”

ಸಂಗನಬಸವನ ಮುಖ ಅರಳಿತು. ಚಲೋ ಆಯಿತು ಬಿಡಿ ಎಂದು ಹೇಳಿ, ಚಹಾನೂ ಬೇಡವೆಂದು ಹೊರಟೇಹೋದ. ಅವನ ಬೆನ್ನು ಮರೆಯಾಗುವ ತನಕ ನೋಡಿದ ಮಾಸ್ತರರಿಗೆ ಇದ್ದಬದ್ದ ಅನುಮಾನವೂ ಹೋಗಿ ಖಾತ್ರಿಯಾಯಿತು. ಕೂಡಲೇ ವೈಫೈಯ ಪಾಸ್‌ವರ್ಡು ಬದಲಿಸಿ ಅವನ ಮನೆಯನ್ನು ಹೊರಗಿಟ್ಟರು. ನೆಮ್ಮದಿಯಿಂದ ಕುಳಿತು ಮತ್ತೆ ಹೆಸರು, ತಂದೆಯ ಹೆಸರು, ಶಾಲೆಯ ಸಂಕೇತಸಂಖ್ಯೆ ಎಲ್ಲ ತುಂಬಿದರು. ಹತ್ತು ಮೂವತ್ತೈದಕ್ಕೆ ‘ಟಕ್’ ಅಂದಿತು.

ಇನ್ನು ಬೇರೆ ದಾರಿಯಿಲ್ಲದೆ ಸಲೀಮನನ್ನು ಕರೆತಂದರು. ಸಲೀಮ ಬಸ್‌ಸ್ಟ್ಯಾಂಡಿನ ಬಾಜು ಕಂಪ್ಯೂಟರು, ಮೊಬೈಲು ರಿಪೇರಿ ಮಾಡುವವನು, ಎರಡು ಮಕ್ಕಳ ತಂದೆ, ಸಾವಕಾಶದ ಮನುಷ್ಯ. ಹೊರಗಿನವರು ನಡುಮನೆಗೆ ಬರುತ್ತಾರೆಂದು ರೇವವ್ವ ಮೂಲೆಯಲ್ಲಿ ಬಿದ್ದಿದ್ದ ಹರಕು ಕೌದಿಯನ್ನು ಬಾಚಿಕೊಂಡು ಅಡುಗೆಮನೆಗೆ ಹೋದಳು. ಮೇಜಿನ ಕೆಳಗೆ, ಜೋಳದ ಚೀಲಗಳ ಸಂದಿಯಲ್ಲಿ ಕಂಪ್ಯೂಟರಿನ ದೊಡ್ಡ ಡಬ್ಬಿ ಇತ್ತು. ಸಲೀಮ ಅದನ್ನು ಬಿಚ್ಚಿದ, ಬ್ರಶ್ಶಿನಿಂದ ಧೂಳು ಹೊಡೆದ, ಮತ್ತೆ ಮುಚ್ಚಿ ಚಾಲೂ ಮಾಡಿದ. ಇಪ್ಪತ್ತು ನಿಮಿಷವಾಯಿತು, ಮುಕ್ಕಾಲು ಗಂಟೆಯಾಯಿತು. ಯಂತ್ರ ಹೊಸ ಸೊಸೆಯ ಹಾಗೆ ತಲೆಬಗ್ಗಿಸಿ ಕೆಲಸ ಮಾಡುತ್ತಿತ್ತು.

“ಗುರುಗಳ, ಮಶೀನ್ ಅಗದಿ ಚಲೋ ಐತ್ರಿ,” ಎಂದ ಸಲೀಮ. “ಈಗ ನನ್ನ ಮುಂದನ ಅರ್ಜಿ ತುಂಬಿಬಿಡ್ರಿ. ಮುಗಿಯೂತನಾ ನಾ ಇಲ್ಲೇ ಕುಂತಿರ್ತೇನಿ.”

ಅದಕ್ಕಿಂತ ಒಳ್ಳೆಯ ಮಾತು ಆ ದಿನ ಅವರಿಗೆ ಯಾರೂ ಆಡಲಿಲ್ಲ. ಆದರೆ ಸಲೀಮನೂ ಸಂಗನಬಸವನೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುವುದು ಮಾಸ್ತರರಿಗೆ ಅದೇ ಗಳಿಗೆಗೆ ನೆನಪಾಗಬೇಕೆ? ಇವನೇಕೆ ಅರ್ಜಿಯ ಮುಂದೆ ಕೂಡಬೇಕು? ಊಟದ ಹೊತ್ತಾಯಿತು, ಆಮೇಲೆ ತುಂಬುತ್ತೇನೆ ಎಂದು ಹೇಳಿ ಅವನನ್ನು ಸಾಗಹಾಕಿದರು. ಹಿಂದೆಯೇ ಮೊಣಕಾಲೂರಿ ಡಬ್ಬಿಯ ಸ್ಕ್ರೂಗಳನ್ನು ಎಣಿಸಿದರು. ಮೊದಲು ನಾಲ್ಕಿದ್ದವು, ಈಗ ಐದು. ಕಡಿಮೆಯಾಗಿದ್ದರೆ ಕಳವು ಅನ್ನಬಹುದಿತ್ತು. ಹೆಚ್ಚಾದದ್ದಕ್ಕೆ ಏನನ್ನಬೇಕೋ ತಿಳಿಯದೆ, ಒಳಗಿನ ಅಸಲಿ ಸಾಮಾನು ತೆಗೆದು ಹಳೆಯದು ಕೂಡಿಸಿದ್ದಾನೆ ಎಂದು ನೋಟುಬುಕ್ಕಿನಲ್ಲಿ ಬರೆದರು.

ಉಂಡು ಬಂದು ಕುಳಿತದ್ದು ಒಂದೂವರೆಗೆ. ಒಂದು ಐವತ್ತೆರಡಕ್ಕೆ ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿದರು, ಈ ಸಲ ಹತ್ತೇ ನಿಮಿಷಕ್ಕೆ ಹೋಯಿತು. ಮಾಸ್ತರರು ಮೂರು ಹೊಡೆಯುವ ತನಕ ತಲೆಯ ಮೇಲೆ ಕೈಹೊತ್ತು ಕುಳಿತರು. ಆಗ ಕಿವಿಗೆ ಬಿತ್ತು, ಎದುರುಮನೆಯ ನೀಲಕ್ಕನ ಹಿಟ್ಟಿನ ಗಿರಣಿಯ ಗಡಗಡ. ಇಷ್ಟು ವರ್ಷ ಕೇಳಿದ ಸದ್ದು ಇಂದು ಬೇರೆಯಾಗಿಯೇ ಕೇಳಿಸಿತು. ಗಿರಣಿ ಕರೆಂಟು ಎಳೆದುಕೊಂಡರೆ ತಮ್ಮ ಮನೆಗೆ ಏನು ಉಳಿದೀತು?

ಗಿರಣಿಯಲ್ಲಿ ರವಿವಾರದ ಗದ್ದಲ. ಏಳೆಂಟು ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ಪಾಳಿ ಹಚ್ಚಿದ್ದರು. ನೀಲಕ್ಕ ಹುಬ್ಬಿನ ತನಕ ಹಿಟ್ಟು ಹಚ್ಚಿಕೊಂಡು ನಿಂತಿದ್ದಳು. ಒಂದು ತಾಸು ಗಿರಣಿ ನಿಲ್ಲಿಸಬೇಕೆಂದು ಮಾಸ್ತರರು ಕೇಳಿದ್ದಕ್ಕೆ ಅವಳು ಮೊದಲು ನಕ್ಕಳು, ಆಮೇಲೆ ಬೈದಳು. ಪಾಳಿಯಲ್ಲಿದ್ದ ಹೆಂಗಸರು ಸಂಜೆಯ ರೊಟ್ಟಿಯನ್ನು ನಿಮ್ಮ ಕಂಪ್ಯೂಟರಿನಲ್ಲಿ ಬಡಿಯೋಣವೇ ಎಂದು ಕೇಳಿದರು. ಮಾಸ್ತರರು ಕೈಮುಗಿದರು. ಹನ್ನೊಂದು ವರ್ಷದ ಬಸ್ಸಿನ ಕತೆ ಹೇಳುವಾಗ ಅವರ ದನಿ ನಿಜವಾಗಿಯೂ ಒಡೆಯಿತು. ನೀಲಕ್ಕನ ಮನಸ್ಸು ಕರಗಿ, ಅರ್ಧ ತಾಸು ಮಾತ್ರ ಎಂದು ಹೇಳಿ ಬಟನ್ನು ಒತ್ತಿದಳು.

ಅರ್ಧ ತಾಸೂ ಬೇಕಾಗಲಿಲ್ಲ. ಗಿರಣಿ ನಿಂತ ಓಣಿಯ ಆ ನಿಶ್ಶಬ್ದದಲ್ಲಿ, ಮೂರು ಐವತ್ತಕ್ಕೆ, ‘ಟಕ್’ ಎಂಬ ಸದ್ದು ಎಂದಿಗಿಂತ ಸ್ಪಷ್ಟವಾಗಿ ಕೇಳಿತು.

ತನ್ನ ಮೇಲೆ ಸುಮ್ಮನೆ ಬಂದ ಅಪವಾದ ಏನೆಂದು ನೋಡಲು ನೀಲಕ್ಕ ಹಿಟ್ಟಿನ ಮೈಯಲ್ಲೇ ನಡುಮನೆಗೆ ಬಂದಳು. ಅವಳು ದಿನಾ ಬಂದು ಹೋಗುವವಳಾದ್ದರಿಂದ ರೇವವ್ವ ಮನೆಯನ್ನೇನೂ ಓರಣ ಮಾಡಲು ಹೋಗಲಿಲ್ಲ. ನೀಲಕ್ಕ ಪರದೆಯತ್ತ ಕಣ್ಣೆತ್ತಿಯೂ ನೋಡದೆ, ಮೋಟರು ನೋಡುವ ರೂಢಿಯಲ್ಲಿ ಮೇಜಿನ ಕೆಳಗೆ ಬಗ್ಗಿ ಡಬ್ಬಿಯ ಹಿಂಬದಿಗೆ ಕೈ ಹಾಕಿದಳು. ಕೈಗೆ ಬಂದದ್ದು ಕೌದಿ. ಎಳೆದರೆ ಅದರೊಳಗೆ ತಾಟು ಮುಚ್ಚಿದ ಒಂದು ಪಾತ್ರೆ, ಬಿಗಿಯಾಗಿ ಡಬ್ಬಿಗೆ ಆನಿಸಿ ಇಟ್ಟದ್ದು.

“ಇದೇನ ರೇವವ್ವ?”

“ಮೊಸರಿಗೆ ಹೆಪ್ಪು ಹಾಕೇನಿ,” ಎಂದಳು ರೇವವ್ವ. “ಈ ಥಂಡಿಗೆ ಎಲ್ಲಿಟ್ರೂ ಹೆಪ್ಪುಗಟ್ಟವಲ್ದು. ಇವರು ಇದನ್ನ ಹಚ್ಚಿಕೊಂಡು ಕುಂತ್ರ ಹಿಂದಿಂದ ಬೆಚ್ಚನ್ನ ಗಾಳಿ ಬರತೈತಿ. ಕೌದಿ ಹೊಚ್ಚಿಟ್ರ ನಾಕು ತಾಸಿನ್ಯಾಗ ಗಟ್ಟಿ ಮೊಸರು.”

ಯಂತ್ರಕ್ಕೆ ಉಸಿರಾಡಲು ಇದ್ದದ್ದು ಅದೊಂದೇ ಕಿಂಡಿ. ಮಾಸ್ತರರು ಕುಳಿತಾಗಲೆಲ್ಲ ರೇವವ್ವ ಪಾತ್ರೆ ತಂದಿಡುತ್ತಿದ್ದಳು, ಡಬ್ಬಿ ಕಾದು ಕಾದು ಆರಿಹೋಗುತ್ತಿತ್ತು. ಇಡೀ ವಾರ ಆ ಮೊಸರನ್ನು ಹೊಗಳಿ ಎರಡೆರಡು ಸಲ ಹಾಕಿಸಿಕೊಂಡವರು ಮಾಸ್ತರರೇ.

“ನನ್ನ ಮೋಟರಿಗೆ ಕೌದಿ ಹೊಚ್ಚಿದ್ರ ಅದೂ ಬಂದ್ ಬೀಳತೈತಿ, ಮಾಸ್ತರ,” ಎಂದಳು ನೀಲಕ್ಕ. “ಊರ ಮಂದಿನೆಲ್ಲಾ ನೋಡಿದ್ರಿ. ಒಂದ್ಸಲ ಬಗ್ಗಿ ಹಿಂದ ನೋಡಾಕ ಏನಾಗಿತ್ತು?”

ಮಾಸ್ತರರು ಒಂದು ಕ್ಷಣ ಹೆಂಡತಿಯ ಕಡೆಗೂ ಅದೇ ಕಣ್ಣಿನಿಂದ ನೋಡಿದರು. ಇದನ್ನು ಇವಳಿಗೆ ಯಾರಾದರೂ ಹೇಳಿಕೊಟ್ಟಿರಬಹುದೇ? ರೇವವ್ವ ತಿರುಗಿ ನೋಡಿದ ರೀತಿಗೆ ಅದನ್ನು ಕೇಳುವುದು ಬಿಟ್ಟರು. ಕುರ್ಚಿ ಎಳೆದು ಕುಳಿತರು.

ಈ ಸಲ ಯಂತ್ರ ಒಂದು ಮಾತೂ ಆಡಲಿಲ್ಲ. ಹೆಸರು ಹೋಯಿತು, ಫೋಟೋ ಹೋಯಿತು, ಸೇವಾ ವಿವರ ಹೋಯಿತು. ಇಲಾಖೆಗೆ ತಮ್ಮ ನಂಬರು ಕೊಡಲು ಧೈರ್ಯವಾಗದೆ ರೇವವ್ವನ ನಂಬರು ಕೊಟ್ಟಿದ್ದರಿಂದ ಓಟಿಪಿ ಅವಳ ಫೋನಿಗೆ ಬಂತು. ‘ಇದು ನನ್ನ ಸ್ವಂತ ಕೋರಿಕೆ. ಅರ್ಜಿಯನ್ನು ಹಿಂಪಡೆಯುವುದಿಲ್ಲ’ ಎಂಬಲ್ಲಿ ಮಾಸ್ತರರು ಎರಡು ಸಲ ಓದಿ ಸರಿ ಗುರುತು ಹಾಕಿದರು. ನಾಲ್ಕು ಐವತ್ತೆರಡಕ್ಕೆ ಅರ್ಜಿ ಹೋಯಿತು. ಅವರ ಕಣ್ಣಲ್ಲಿ ನೀರು ಬಂತು. ನಾಳೆಯಿಂದಲ್ಲದಿದ್ದರೂ ಮುಂದಿನ ತಿಂಗಳಿಂದ ದಿನವೂ ಮಧ್ಯಾಹ್ನ ಮನೆಗೆ ಬಂದು ಬಿಸಿ ರೊಟ್ಟಿ ತಿನ್ನಬಹುದು ಎಂದು ರೇವವ್ವನಿಗೆ ಹೇಳಿ, ಶಿರಾ ಮಾಡಲು ಒಳಗೆ ಕಳಿಸಿದರು. ನೀಲಕ್ಕ ಗಿರಣಿಗೆ ಹೋದಳು.

ಐದೂಕಾಲಿಗೆ ಸಂಗನಬಸವ ಮತ್ತೆ ಬಂದ. ವೈಫೈ ಬೆಳಿಗ್ಗೆಯಿಂದ ಬರುತ್ತಿಲ್ಲ, ಏನಾಗಿದೆ ನೋಡಿ ಎಂದ. ಗೆದ್ದವರ ದೊಡ್ಡಸ್ತಿಕೆಯಲ್ಲಿ ಮಾಸ್ತರರು ಅವನನ್ನು ಕೈಹಿಡಿದು ಕೂಡಿಸಿದರು. ಸಂಗನಬಸವ ನಿನ್ನೆ ಸಂಜೆ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಬಂದ ಆದೇಶದ ಮಾತೆತ್ತಿದ. ಯಾವ ಆದೇಶ ಎಂದು ಇವರು ಕೇಳಿದರು.

“ಫೋನ್ ಬಂದ್ ಇಟ್ಟೀರಿ, ಅದಕ ನೋಡಿಲ್ಲ ನೀವು. ಕೋಟಿ ಓಣಿ ಶಾಲ್ಯಾಗ ಹುಡುಗರು ಹನ್ನೊಂದ ಉಳದಾವಂತ್ರಿ. ಅಲ್ಲಿಗೆ ಬಂದಾಂವ ಹೆಚ್ಚುವರಿ ಮಾಸ್ತರ. ತಾ ಬಿಟ್ಟುಬಂದ ಶಾಲಿಗೇ ಅವನ್ನ ಹೊಳ್ಳಿ ನಿಯೋಜನೆ ಮ್ಯಾಲೆ ಕಳಸ್ತಾರ. ಸ್ವಂತ ಕೋರಿಕೆ ಅಂತ ಬರಕೊಟ್ಟಿರ್ತಾನಲ್ಲ, ಇನ್ನ ಐದು ವರ್ಷ ಮತ್ತ ವರ್ಗಾವಣೆ ಕೇಳೂ ಹಂಗಿಲ್ಲ. ಅದನ್ನ ಹೇಳಾಕಂತನ ಮುಂಜಾನೆ ಬಂದಿದ್ದೆ. ನೀವು ಹಾಕೂದ ಇಲ್ಲ ಅಂದ್ರಿ, ಹೋದೆ.”

ಮಾಸ್ತರರು ಕೈಚಾಚಿ ಪರದೆ ಆರಿಸಿದರು.

ಸಂಗನಬಸವ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಗುಟ್ಟಿನ ದನಿಯಲ್ಲಿ ಮುಂದುವರಿಸಿದ. ಮೇ ತಿಂಗಳಲ್ಲಿ ಸ್ಟೇಶನ್ ರಸ್ತೆಯ ಶಾಲೆಯಲ್ಲಿ ಇಬ್ಬರು ನಿವೃತ್ತರಾಗುತ್ತಾರೆ, ಅಲ್ಲಿ ಮಕ್ಕಳಿಗೇನೂ ಬರವಿಲ್ಲ, ಎರಡು ಜಾಗಕ್ಕೆ ಈ ಭಾಗದಲ್ಲಿ ನಾವಿಬ್ಬರೇ ಹಿರಿಯರು. ಒಂದು ನಿಮಗೆ, ಒಂದು ನನಗೆ, ಜೋಡಿಯಾಗಿ ಅರ್ಜಿ ಹಾಕೋಣ ಎಂದ. ಆಮೇಲೆ ಏನೋ ನೆನಪಾಗಿ ನಗತೊಡಗಿದ.

“ಫೋನಿನ ನೆಟ್ ಮ್ಯಾಲೆ ನೋಡಿದ್ನಿ, ವೆಬ್‌ಸೈಟಿನ್ಯಾಗ ತೋರಸಾಕತ್ತೈತ್ರಿ ಸರ. ಇಷ್ಟೆಲ್ಲಾ ಗೊತ್ತಿದ್ರೂ ಕೋಟಿ ಓಣಿಗೆ ಒಬ್ಬ ಹಾಕ್ಯಾನ. ಅದೂ ಐದಕ್ಕ ಎಂಟು ನಿಮಿಷ ಇದ್ದಾಗ. ಯಾವ ಶ್ಯಾಣ್ಯಾ ಇರಬೇಕ್ರಿ?”

ಅವನು ಹೊಟ್ಟೆ ಹಿಡಿದು ನಕ್ಕ. ಜೊತೆಗೆ ನಗದಿದ್ದರೆ ಸಂಶಯ ಬಂದೀತೆಂದು ಮಡಿವಾಳೆಪ್ಪ ಮಾಸ್ತರರೂ ನಕ್ಕರು.

ಅಷ್ಟರಲ್ಲಿ ರೇವವ್ವ ಎರಡು ತಾಟು ಹಿಡಿದು ಹೊರಗೆ ಬಂದಳು. ಬಾಯಿ ಸಿಹಿ ಮಾಡಿಕೊಳ್ಳಿ, ನಮ್ಮವರ ಅರ್ಜಿ ಕಡೀ ಗಳಿಗೆಯಲ್ಲಿ ಹೋಗಿ ಮುಟ್ಟಿತು ಎಂದು ಹೇಳಿ ಮೊದಲ ತಾಟನ್ನು ಸಂಗನಬಸವನ ಕೈಗೆ ಕೊಟ್ಟಳು.

ಸಂಗನಬಸವ ತಾಟು ನೋಡಿದ, ಮಾಸ್ತರರ ಮುಖ ನೋಡಿದ, ಮತ್ತೆ ತಾಟು ನೋಡಿದ. ನಗು ನಿಂತಿತು. ಒಂದು ತುತ್ತು ಬಾಯಿಗೆ ಹಾಕಿಕೊಂಡ. ಇಬ್ಬರೂ ತಲೆ ಎತ್ತದೆ ಶಿರಾ ತಿಂದರು.

“ಸಕ್ಕರಿ ಜಾಸ್ತಿ ಆಗೇತೇನ್ರಿ?” ಎಂದು ರೇವವ್ವ ಕೇಳಿದಳು.